ಖಾತ್ರಿರಾಯರ ಖಾಲಿ ಹೊಟ್ಟೆಯ ಕಾಫಿ

ಮನುಷ್ಯ ಸುಳ್ಳು ಹೇಳಬಾರದು. ತೀರಾ ಹೇಳಲೇಬೇಕಾಗಿ ಬಂದರೆ ಬಸ್ಸಿನಲ್ಲಿ ಅಪರಿಚಿತರಿಗೆ ಹೇಳಿ, ಮುಂದಿನ ನಿಲ್ದಾಣದಲ್ಲಿ ಇಳಿದುಬಿಡಬೇಕು. ಹೆಂಡತಿಯ ತವರುಮನೆಯಲ್ಲಿ, ಹೆಂಡತಿಯ ತಮ್ಮನ ಮುಂದೆ, ಹೆಂಡತಿ ಪಕ್ಕದಲ್ಲೇ ಕೂತಿರುವಾಗ ಮಾತ್ರ ಹೇಳಲೇಬಾರದು. ಈ ಸರಳ ನಿಯಮ ಖಾತ್ರಿರಾಯರಿಗೆ ಗೊತ್ತಿರಲಿಲ್ಲ.

ಖಾತ್ರಿರಾಯರು ಎಂಬುದು ಅವರ ಹೆಸರಲ್ಲ. ನಿಜವಾದ ಹೆಸರು ಆಸ್ಪತ್ರೆಯ ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರೆ ಯಾರಿಗೂ ನೆನಪಿಲ್ಲ. ದೊಡ್ಡಾಸ್ಪತ್ರೆಯ ನೆಲಮಹಡಿಯಲ್ಲಿ, ರಕ್ತ ಪರೀಕ್ಷೆಯ ಕೋಣೆಗೂ ಲಿಫ್ಟಿಗೂ ನಡುವೆ ಇರುವ ಕಾಫಿ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ನಿಂತವರು. ಯಾರಾದರೂ "ಸಕ್ಕರೆ ಬೇಡ" ಅಂದರೆ "ಖಾತ್ರೀನಾ?" ಎಂದು ಕೇಳುವರು. "ಖಾತ್ರಿ" ಅಂದ ಮೇಲೂ ಸಕ್ಕರೆಯ ಚಮಚವನ್ನು ಗಾಳಿಯಲ್ಲಿ ಒಂದು ಕ್ಷಣ ಹಿಡಿದೇ ಇರುವರು. ಪಾಪ, ಮನಸ್ಸು ಬದಲಾದರೆ ಎಂದು. ಮನೆಗೆ ಬೀಗ ಹಾಕಿ, ಬೀದಿಯ ತಿರುವಿನವರೆಗೆ ಹೋಗಿ, ವಾಪಸು ಬಂದು ಬೀಗ ಜಗ್ಗಿ ನೋಡದೆ ಅವರು ಒಂದು ದಿನವೂ ಕೆಲಸಕ್ಕೆ ಹೋದವರಲ್ಲ.

ಅವರ ಭಾವಮೈದುನನದು ಇದಕ್ಕೆ ತದ್ವಿರುದ್ಧ ಜಾತಕ. ಅವನಿಗೆ ಯಾವುದರಲ್ಲೂ ಸಂಶಯವಿಲ್ಲ. ಮುಖ್ಯರಸ್ತೆಯಲ್ಲಿ ಗಾಜಿನ ಗೋಡೆಯ ಕಾಫಿ ಅಂಗಡಿ, ಸೊಂಟಕ್ಕೆ ಚರ್ಮದ ಏಪ್ರನ್, ಬಾಯಿ ತುಂಬ ಹೊಸ ಪದಗಳು. ಆ ಭಾನುವಾರ ಅವನು ಊಟದ ಮೇಜಿನ ಮೇಲೆ ತನ್ನ ಸ್ಪರ್ಧೆಯ ಸಲಕರಣೆಗಳನ್ನು ಹರಡಿಕೊಂಡು ಕೂತಿದ್ದ. ಬರಿಸ್ತಾ ಸ್ಪರ್ಧೆಯಂತೆ, ಎಂದರೆ ಯಂತ್ರದಲ್ಲಿ ಕಾಫಿ ಇಳಿಸಿ ಕೊಡುವವರೊಳಗೆ ಯಾರು ಮೇಲು ಎಂದು ತೀರ್ಮಾನಿಸುವ ಕುಸ್ತಿ.

"ಇದೇನಪ್ಪ, ಬಾಚಣಿಗೇನಾ?" ಎಂದು ಖಾತ್ರಿರಾಯರು ಒಂದನ್ನು ಎತ್ತಿಕೊಂಡರು.

"ಅಯ್ಯೋ ಭಾವ, ಮುಟ್ಟಬೇಡಿ! ಅದು ಸೂಜಿ. ಪುಡಿಯಲ್ಲಿ ಗಂಟು ಇರಬಾರದು ಅಂತ ಕೆದಕೋದಕ್ಕೆ."

"ಗಂಟಿದ್ರೆ ಎರಡು ಸಲ ತಟ್ಟಿದ್ರಾಯ್ತಲ್ಲ?"

"ತಟ್ಟೋ ಕಾಲ ಹೋಯ್ತು ಭಾವ."

"ಈ ಗೋಲಿ?"

"ಗೋಲಿಯಲ್ಲ, ಲೋಹದ ಗುಂಡು. ಐಸ್‌ನಲ್ಲಿಟ್ಟಿರ್ತೀವಿ. ಕಾಫಿ ಇಳಿಯುವಾಗ ಮೊದಲ ಹನಿಗಳು ಇದರ ಮೇಲೆ ಬಿದ್ದು ತಣ್ಣಗಾಗಬೇಕು. ಆಗ ಪರಿಮಳ ಹಾರಿಹೋಗಲ್ಲ. ಈ ವರ್ಷ ಎಲ್ಲಾರೂ ಇದನ್ನೇ ಮಾಡ್ತಿರೋದು."

"ಹತ್ತೊಂಬತ್ತು ವರ್ಷ ಕಾಫಿ ಆರದೇ ಇರಲಿ ಅಂತ ಒದ್ದಾಡಿದ್ದೀನಲ್ಲಪ್ಪ ನಾನು!"

ಬೀಜಗಳನ್ನು ಪುಟ್ಟ ಪುಟ್ಟ ಟ್ಯೂಬಿನಲ್ಲಿ ತೂಗಿ ತುಂಬಿ ಹೆಪ್ಪುಗಟ್ಟಿಸಿಡಬೇಕಂತೆ. ಆಗ ಒಂದೇ ಸಮ ಪುಡಿಯಾಗುತ್ತದಂತೆ. ನೀರಿನಲ್ಲಿದ್ದ ಲವಣವನ್ನೆಲ್ಲ ತೆಗೆದು, ಆಮೇಲೆ ಬೇಕಾದಷ್ಟನ್ನೇ ಹನಿ ಲೆಕ್ಕದಲ್ಲಿ ಹಾಕಬೇಕಂತೆ. ತೆಗೆದದ್ದನ್ನು ಮತ್ತೆ ಹಾಕುವುದಾದರೆ ತೆಗೆದದ್ದು ಯಾಕೆ ಎಂದು ಖಾತ್ರಿರಾಯರು ಕೇಳಿದರು. ಭಾವಮೈದುನನ ಸಹನೆ ಅಲ್ಲಿಗೆ ಮುಗಿಯಿತು.

"ನಿಮಗಿದೆಲ್ಲ ಯಾಕೆ ಬಿಡಿ ಭಾವ. ನಿಮ್ಮದು ಗುಂಡಿ ಒತ್ತೋ ಕೆಲಸ. ಮಿಷನ್ ಕಂಪನಿಯೋನು ಹೇಳ್ದ, ಮುಂದಿನ ತಿಂಗಳಿಂದ ಆ ಗುಂಡೀನೂ ಜನರೇ ಒತ್ಕೋತಾರಂತಲ್ಲ?"

ಖಾತ್ರಿರಾಯರ ಹೆಂಡತಿ ತಿರುಗಿ ನೋಡಿದರು. "ಏನ್ರೀ ಅದು?"

ಅದು ಖಾತ್ರಿರಾಯರು ಮೂರು ವಾರಗಳಿಂದ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಗುಟ್ಟು. ಕೌಂಟರು ತೆಗೆದು ಅಲ್ಲೊಂದು ಸ್ವಯಂಚಾಲಿತ ಯಂತ್ರ ನಿಲ್ಲಿಸುವುದೆಂದು ಆಡಳಿತಾಧಿಕಾರಿಗಳ ಮೇಜಿನ ಮೇಲೆ ಫೈಲು ಕೂತಿತ್ತು. ಪರದೆ ಮುಟ್ಟಿದರೆ ಕಾಫಿ. ಖಾತ್ರಿರಾಯರಿಗೆ ನೆಲಮಾಳಿಗೆಯ ಉಗ್ರಾಣದಲ್ಲಿ ಹಾಸಿಗೆ ಬಟ್ಟೆ ಎಣಿಸುವ ಕೆಲಸ.

"ಹಾಗೇನಿಲ್ಲ," ಎಂದರು ಖಾತ್ರಿರಾಯರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅತ್ತೆಯವರು ಮಗನ ಲೋಹದ ಗುಂಡನ್ನು ಸೆರಗಿನಿಂದ ಒರೆಸುತ್ತ ಅಳಿಯನ ಕಡೆ ಕನಿಕರದಿಂದ ನೋಡಿದರು. ಗಂಡಸು ಏನು ಬೇಕಾದರೂ ತಡೆದಾನು, ಅತ್ತೆಯ ಕನಿಕರವನ್ನಲ್ಲ. "ಕೌಂಟರ್ ಹೇಗೆ ತೆಗೀತಾರೆ? ನಾನೂ ಈ ಸ್ಪರ್ಧೆಗೆ ಹೆಸರು ಕೊಟ್ಟಿದ್ದೀನಲ್ಲ!"

ಜೀವನದಲ್ಲಿ ಮೊದಲ ಸಲ ಅವರನ್ನು ಬೇರೆಯವರು ಕೇಳಿದರು: "ಖಾತ್ರೀನಾ ಭಾವ?"

"ಖಾತ್ರಿ," ಎಂದರು ಖಾತ್ರಿರಾಯರು.

ಅವರ ಹೆಂಡತಿ ಸಂತೋಷವನ್ನು ಒಬ್ಬರೇ ಹೊರುವ ಸ್ವಭಾವದವರಲ್ಲ. ಅಂದೇ ಸಂಜೆ ಪಕ್ಕದ ಮನೆಯ ನಿವೃತ್ತ ಮೇಷ್ಟರಿಗೆ ಹೇಳಿದರು, ಮೇಷ್ಟರ ಸೊಸೆ ಆಸ್ಪತ್ರೆಯ ಹೆಡ್ ಸಿಸ್ಟರಿಗೆ ಹೇಳಿದಳು. ಹೆಡ್ ಸಿಸ್ಟರಿಗೆ ಹೇಳುವುದೂ ಒಂದೇ, ಆಸ್ಪತ್ರೆಯ ಧ್ವನಿವರ್ಧಕದಲ್ಲಿ ಹೇಳುವುದೂ ಒಂದೇ. ಮರುದಿನ ಬೆಳಿಗ್ಗೆ ಗೇಟಿನ ಕಾವಲುಗಾರ ಎದ್ದು ನಿಂತು ಸಲಾಮು ಹೊಡೆದ. ಸೂಚನಾ ಫಲಕದಲ್ಲಿ, 'ಹೊರರೋಗಿಗಳ ಸಮಯ ಬದಲಾವಣೆ'ಯ ಮೇಲೆಯೇ ಅಂಟಿಸಿದ್ದರು: 'ನಮ್ಮ ಕೌಂಟರಿನ ಹೆಮ್ಮೆಗೆ ಶುಭಾಶಯಗಳು.' ಪರಿಣಾಮವಾಗಿ ಆ ದಿನ ಕಣ್ಣಿನ ವಿಭಾಗಕ್ಕೆ ನಲವತ್ತು ಜನ ತಪ್ಪು ಹೊತ್ತಿಗೆ ಬಂದರು.

ಹತ್ತು ಗಂಟೆಗೆ ಆಡಳಿತಾಧಿಕಾರಿಗಳಿಂದ ಕರೆ ಬಂತು.

"ಕೂತ್ಕೊಳ್ಳಿ," ಎಂದರು ಅಧಿಕಾರಿಗಳು. ಹತ್ತೊಂಬತ್ತು ವರ್ಷಗಳಲ್ಲಿ ಆ ಕುರ್ಚಿಯಲ್ಲಿ ಕೂರಲು ಯಾರೂ ಹೇಳಿರಲಿಲ್ಲ. ಖಾತ್ರಿರಾಯರು ಕುರ್ಚಿಯನ್ನು ಒಮ್ಮೆ ಅಲುಗಾಡಿಸಿ ನೋಡಿ, ತುದಿಯಲ್ಲಿ ಕೂತರು.

"ನೋಡಿ, ನಂದು ಧರ್ಮಸಂಕಟ. ಈ ಕಡೆ ಕೌಂಟರ್ ತೆಗೀಬೇಕು ಅಂತ ಫೈಲು. ಆ ಕಡೆ ನೀವು ಸ್ಪರ್ಧೆಗೆ ಹೋಗ್ತಿದ್ದೀರಿ. ನಾಳೆ ನೀವು ಗೆದ್ದು, ಗೆದ್ದವರನ್ನೇ ತೆಗೆದುಹಾಕಿದ್ರು ಅಂತ ಪೇಪರಿನಲ್ಲಿ ಬಂದ್ರೆ ನನ್ನ ಗತಿ ಏನು?"

"ನಾನು ಗೆಲ್ತೀನಿ ಅಂತ ಖಾತ್ರಿ ಏನಿಲ್ಲ ಸಾರ್..."

"ಅದಕ್ಕೇ ಹೇಳ್ತಿರೋದು. ಬಹುಮಾನ ಬಂದ್ರೆ ಕೌಂಟರ್ ಉಳೀತು, ಫೈಲ್ ಮುಚ್ತೀನಿ. ಬರದಿದ್ರೆ ಹಾಸಿಗೆ ಬಟ್ಟೆ. ಒಪ್ಪಿಗೇನಾ?"

ಖಾತ್ರಿರಾಯರು ಒಪ್ಪಿದರು. ಅಂದೇ ಸಂಜೆ ಹಿತ್ತಲ ಬಾಗಿಲಿನಿಂದ ಓಡಿಹೋಗಿ, ಸ್ಪರ್ಧೆಯ ಕಚೇರಿ ಮುಚ್ಚುವ ಐದು ನಿಮಿಷ ಮುಂಚೆ, ಕೊನೆಯ ದಿನದ ಕೊನೆಯ ಅರ್ಜಿಯಾಗಿ ತಮ್ಮ ಹೆಸರು ಕೊಟ್ಟು ಬಂದರು. ಸುಳ್ಳು ಹೀಗೆ ಒಂದು ದಿನ ತಡವಾಗಿ ನಿಜವಾಯಿತು.

"ಸೂಜಿ, ಗುಂಡು, ತಕ್ಕಡಿ ಎಲ್ಲ ನೀವೇ ತರಬೇಕು," ಎಂದಿದ್ದ ಅಲ್ಲಿಯ ಗುಮಾಸ್ತ. ಖಾತ್ರಿರಾಯರ ಹತ್ತಿರ ಇದ್ದದ್ದು ಒಂದು ಚಮಚ.

ಆಗ ಎದ್ದಿತು ನೋಡಿ ಆಸ್ಪತ್ರೆ! ಒಂದು ಹೊಸ ಹಾಸಿಗೆ ಕೊಳ್ಳಲು ನಾಲ್ಕು ಸಮಿತಿ ಮಾಡುವ ಸಂಸ್ಥೆ ಒಂದು ಮಧ್ಯಾಹ್ನದಲ್ಲಿ ಖಾತ್ರಿರಾಯರಿಗೆ ಬೇಕಾದದ್ದನ್ನೆಲ್ಲ ಒದಗಿಸಿತು. ಔಷಧಾಲಯದಿಂದ ಸೂಕ್ಷ್ಮ ತಕ್ಕಡಿ ಬಂತು. ಕಣ್ಣಿನ ವಿಭಾಗ ಹನಿ ಹಾಕುವ ಸೀಸೆ ಕೊಟ್ಟಿತು. ಸೂಜಿಚಿಕಿತ್ಸೆಯವರು ಕೂದಲಿಗಿಂತ ತೆಳುವಾದ ಎಂಟು ಹೊಸ ಸೂಜಿಗಳನ್ನು ಸೀಸೆಯ ರಬ್ಬರ್ ಬಿರಡೆಗೆ ಚುಚ್ಚಿ ಕೊಟ್ಟರು. ಎಲುಬಿನ ಡಾಕ್ಟರು ತಮ್ಮ ಕಪಾಟಿನಿಂದ ಎರಡು ಹೊಳೆಯುವ ಉಕ್ಕಿನ ಗುಂಡುಗಳನ್ನು ತೆಗೆದರು: ಸೊಂಟದ ಕೀಲು ಬದಲಿಸುವಾಗ ಒಳಗೆ ಕೂರಿಸುವಂಥವು.

"ಯಾರ ಒಳಗಾದ್ರೂ ಇದ್ವಾ ಸಾರ್?"

"ಇಲ್ಲಪ್ಪ, ರೋಗಿಗಳಿಗೆ ತೋರ್ಸೋಕೆ ಅಂತ ಕಂಪನಿಯೋರು ಕೊಟ್ಟಿದ್ದು."

"ಖಾತ್ರೀನಾ?"

"ಸಂಶಯ ಇದ್ರೆ ಎರಡು ಸಲ ಕುದಿಸು."

ಖಾತ್ರಿರಾಯರು ನಾಲ್ಕು ಸಲ ಕುದಿಸಿದರು. ಸ್ಪರ್ಧೆಯ ಫ್ರೀಜರನ್ನು ನಂಬಬಹುದೋ ಇಲ್ಲವೋ ಎಂಬ ಹೊಸ ಚಿಂತೆ ಶುರುವಾದಾಗ, ಮಕ್ಕಳ ವಿಭಾಗದವರು ಲಸಿಕೆ ಒಯ್ಯುವ ಐಸ್ ಪೆಟ್ಟಿಗೆಯನ್ನು ತಂದುಕೊಟ್ಟರು. "ಇದರಲ್ಲಿ ಎರಡು ದಿನ ಕರಗಲ್ಲ. ನೀವು ಬೇಕಾದ್ರೆ ಮೂರು ಸಲ ತೆಗೆದು ನೋಡಿ," ಎಂದರು. ಅವರಿಗೆ ಖಾತ್ರಿರಾಯರು ಗೊತ್ತಿದ್ದರು.

ಆ ವಾರವಿಡೀ ಅಭ್ಯಾಸ ನಡೆಯಿತು. ಇಳಿಸಿದ ಕಾಫಿ ಚೆಲ್ಲಲು ಅವರಿಗೆ ಮನಸ್ಸು ಬಾರದು; ಆದ್ದರಿಂದ ಸಿಬ್ಬಂದಿ ಕುಡಿದರು. ಗುರುವಾರದ ಹೊತ್ತಿಗೆ ಇಡೀ ನೆಲಮಹಡಿಯ ರಕ್ತದೊತ್ತಡ ಮೇಲೇರಿತ್ತು, ಲಿಫ್ಟಿನವನು ಪ್ರತಿ ಮಹಡಿಯ ಹೆಸರನ್ನೂ ಎರಡೆರಡು ಸಲ ಕೂಗುತ್ತಿದ್ದ.

ಉಳಿದದ್ದು ಬೀಜ ತುಂಬುವ ಟ್ಯೂಬು. ಅದಕ್ಕೆ ಲ್ಯಾಬ್ ಮೇಡಂ. ರಕ್ತ ಪರೀಕ್ಷೆಯ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಆಳಿದವರು. ತೂಗಿದ ಬೀಜಗಳನ್ನು ಹನ್ನೆರಡು ಹೊಸ ಟ್ಯೂಬುಗಳಲ್ಲಿ ತಾವೇ ತುಂಬಿ, ಬಿಗಿಯಾಗಿ ಮುಚ್ಚಿ, ಪ್ರತಿಯೊಂದಕ್ಕೂ ಲೇಬಲ್ ಅಂಟಿಸಿ ಕೊಟ್ಟರು. ಅರ್ಧಕ್ಕೆ 'ಖಾಲಿ ಹೊಟ್ಟೆ' ಎಂದಿತ್ತು. ಉಳಿದರ್ಧಕ್ಕೆ 'ಊಟದ ಎರಡು ಗಂಟೆ ನಂತರ.'

"ಮೇಡಂ, ಇದು... ಕಾಫಿ ಬೀಜ."

"ಗೊತ್ತು. ಮಿಷನ್‌ನಲ್ಲಿ ಬರೋದು ಇವೆರಡೇ ಲೇಬಲ್ಲು."

"ಲೇಬಲ್ ಇಲ್ಲದೆ ಕೊಟ್ಟಿದ್ರೂ..."

ಲ್ಯಾಬ್ ಮೇಡಂ ಕನ್ನಡಕ ತೆಗೆದರು. "ಲೇಬಲ್ ಇಲ್ಲದ ಟ್ಯೂಬು ಈ ಕೋಣೆಯ ಹೊಸಿಲು ದಾಟಿದ್ದಿಲ್ಲ. ದಾಟೋದೂ ಇಲ್ಲ. ಕಿತ್ತಿದ್ದೀರಿ ಅಂತ ಗೊತ್ತಾದ್ರೆ ನೋಡಿ, ನಾನೂ ಶನಿವಾರ ಮುಂದಿನ ಸಾಲಿನಲ್ಲೇ ಕೂತಿರ್ತೀನಿ."

ಶನಿವಾರ ಸ್ಪರ್ಧೆಯ ಸಭಾಂಗಣ ಬೆಳಕಿನಲ್ಲಿ ಧಗಧಗಿಸುತ್ತಿತ್ತು. ಸ್ಪರ್ಧಿಗಳೆಲ್ಲ ಚರ್ಮದ ಏಪ್ರನ್ನಿನವರು. ಖಾತ್ರಿರಾಯರು ಮಾತ್ರ ಬಿಳಿ ಕೋಟಿನಲ್ಲಿದ್ದರು. "ಆಸ್ಪತ್ರೆ ಮರ್ಯಾದೆ ಕಣ್ರೀ" ಎಂದು ಹೆಡ್ ಸಿಸ್ಟರ್ ಬಲವಂತವಾಗಿ ತೊಡಿಸಿದ್ದು. ಅವರು ಒಳಗೆ ಕಾಲಿಟ್ಟು ಐದು ನಿಮಿಷವಾಗಿರಲಿಲ್ಲ, ಒಬ್ಬ ಹುಡುಗಿ ಕೈ ಚಾಚಿಕೊಂಡು ಬಂದಳು.

"ಡಾಕ್ಟ್ರೇ, ಪುಡಿ ಒತ್ತಿ ಒತ್ತಿ ಮಣಿಕಟ್ಟು ಹಿಡ್ಕೊಂಡಿದೆ."

"ನಾನು ಡಾಕ್ಟ್ರಲ್ಲಮ್ಮ. ಕಾಫಿ ಮಾಡೋನು."

"ಎಷ್ಟು ವಿನಯ ನೋಡ್ರೋ!" ಎಂದು ಅವಳು ಪಕ್ಕದವನಿಗೆ ಹೇಳಿದಳು. ಪಕ್ಕದವನ ಕಣ್ಣು ಆಗಲೇ ಮೇಜಿನ ಮೇಲಿತ್ತು.

"ಸಾರ್, ಈ ಗುಂಡು ಯಾವ ಕಂಪನೀದು? ಈ ಹೊಳಪು ನಾನು ನೋಡೇ ಇಲ್ಲ."

"ಎಲುಬಿನ ವಿಭಾಗದ್ದಪ್ಪ. ಸೊಂಟಕ್ಕೆ ಹಾಕೋದು."

ಅವನು ಅದನ್ನು ಭಕ್ತಿಯಿಂದ ಬರೆದುಕೊಂಡ. ಅರ್ಧ ಗಂಟೆಯಲ್ಲಿ ಸಭಾಂಗಣದ ತುಂಬ ಸುದ್ದಿ: ಈ ವರ್ಷದ ಹೊಸ ಗಾಳಿ ಶಸ್ತ್ರಚಿಕಿತ್ಸೆಯ ಉಕ್ಕು! ಯಾವುದೋ ಸಂಶೋಧಕ ಡಾಕ್ಟರು ಬಂದಿದ್ದಾರೆ, ಸೂಜಿಯೂ ನರಕ್ಕೆ ಚುಚ್ಚುವಂಥದ್ದು, ಐಸ್ ಪೆಟ್ಟಿಗೆ ಲಸಿಕೆಯದು. ಇಬ್ಬರು ಸ್ಪರ್ಧಿಗಳು ಹೊರಗೆ ಹೋಗಿ, ಸೊಂಟದ ಗುಂಡು ಬಿಡಿಯಾಗಿ ಸಿಗುತ್ತದೆಯೇ ಎಂದು ಯಾರಿಗೋ ಫೋನು ಮಾಡಿದರು. ಕಳೆದ ತಿಂಗಳಷ್ಟೇ ಅತ್ಯಂತ ಹೊಸದೆಂದು ತರಿಸಿದ್ದ ಭಾವಮೈದುನನ ಸಲಕರಣೆಗಳ ಹತ್ತಿರ ಈಗ ಒಂದು ನೊಣವೂ ಸುಳಿಯಲಿಲ್ಲ.

ಅವನ ಸರದಿ ಖಾತ್ರಿರಾಯರಿಗಿಂತ ಮುಂಚೆ. ಸರದಿಗೆ ಹತ್ತು ನಿಮಿಷವಿರುವಾಗ ಅವನು ಸ್ಪರ್ಧೆಯ ಫ್ರೀಜರ್ ತೆರೆದು, ಕೈ ಒಳಗಿಟ್ಟು, ಹಾಗೆಯೇ ನಿಂತುಬಿಟ್ಟ. ಗುಂಡು ಬೆಚ್ಚಗಿತ್ತು.

ಫ್ರೀಜರಿನ ಪ್ಲಗ್ಗು ನೆಲದ ಮೇಲಿತ್ತು. ಅದರ ಜಾಗದಲ್ಲಿ ಅತ್ತೆಯವರ ಮೊಬೈಲು ಚಾರ್ಜಾಗುತ್ತಿತ್ತು.

"ನಿನ್ನ ವಿಡಿಯೋ ತೆಗೀಬೇಕಲ್ಲೋ," ಎಂದರು ಅತ್ತೆ. "ಆ ಪೆಟ್ಟಿಗೆ ಸುಮ್ನೆ ಗುರ್ ಅಂತಿತ್ತು."

"ಅಮ್ಮಾ!" ಎಂಬ ಕೂಗು ಸಭಾಂಗಣದ ಆಚೆ ಗೋಡೆಗೆ ಬಡಿದು ಬಂತು. ಯಾವುದರಲ್ಲೂ ಸಂಶಯವಿಲ್ಲದ ಮನುಷ್ಯ ಜೀವನದಲ್ಲಿ ಮೊದಲ ಸಲ ಕಂಗೆಟ್ಟು ನಾಲ್ಕೂ ಕಡೆ ನೋಡಿದ.

ಖಾತ್ರಿರಾಯರ ಕೈ ಐಸ್ ಪೆಟ್ಟಿಗೆಯ ಮೇಲಿತ್ತು. ಒಳಗೆ ಗುಂಡು ಎರಡು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ತಂದದ್ದು. ಬಹುಮಾನಗಳು ಮೂರೇ. ಒಂದು ಇವನಿಗೆ ಹೋದರೆ ತಮಗೆ ಉಳಿಯುವುದು ಎರಡು. ಅದೂ ಹೋದರೆ ಉಗ್ರಾಣ. ಪಕ್ಕದಲ್ಲಿದ್ದ ಹೆಂಡತಿ ತಮ್ಮನ ಮುಖವನ್ನೊಮ್ಮೆ ನೋಡಿದರು, ಗಂಡನ ಮುಖವನ್ನೊಮ್ಮೆ ನೋಡಿದರು.

"ತಗೋಪ್ಪ," ಎಂದು ಖಾತ್ರಿರಾಯರು ಒಂದು ಗುಂಡು ಎತ್ತಿ ಕೊಟ್ಟರು. "ನಾಲ್ಕು ಸಲ ಕುದಿಸಿದ್ದೀನಿ."

"ಭಾವ... ನಿಮಗೆ?"

"ನನಗೆ ಒಂದೇ ಸೊಂಟ ಸಾಕು."

ಭಾವಮೈದುನ ಬಹಳ ಚೆನ್ನಾಗಿ ಮಾಡಿದ. ಅದನ್ನು ನೋಡುತ್ತಾ ಖಾತ್ರಿರಾಯರು ತಮ್ಮ ಮನಸ್ಸಿನಲ್ಲಿ ಹಾಸಿಗೆ ಬಟ್ಟೆ ಎಣಿಸಲು ಶುರುಮಾಡಿದ್ದರು. ಎಂಬತ್ತಕ್ಕೆ ಬಂದಾಗ ಅವರ ನಂಬರು ಕೂಗಿದರು.

ಹದಿನೈದು ನಿಮಿಷ. ರುಚಿ ನೋಡಲು ನಾಲ್ವರು ತೀರ್ಪುಗಾರರು, ಕೈಕೆಲಸ ನೋಡಲು ಪುಸ್ತಕ ಹಿಡಿದ ಐದನೆಯವರು. ಏನು ಕುಡಿಸುತ್ತೇವೆ, ಯಾಕೆ ಕುಡಿಸುತ್ತೇವೆ ಎಂದು ಸ್ಪರ್ಧಿ ಭಾಷಣ ಮಾಡುತ್ತಲೇ ಕೆಲಸ ಮಾಡಬೇಕು. ಪಕ್ಕದ ಮನೆಯ ಮೇಷ್ಟರು ಎರಡು ಪುಟ ಬರೆದುಕೊಟ್ಟಿದ್ದರು. ಬೆವರಿಗೆ ಒದ್ದೆಯಾಗಿ ಅದು ಜೇಬಿನಲ್ಲೇ ಮುದ್ದೆಯಾಗಿತ್ತು. ಖಾತ್ರಿರಾಯರು ಮೂಕರಾಗಿ, ಗೊತ್ತಿದ್ದದ್ದನ್ನಷ್ಟೇ ಮಾಡಿದರು. ಕೈ ತೊಳೆದರು. ಮತ್ತೆ ತೊಳೆದರು. ಎಲ್ಲರಿಗೂ ನೀರು ಕೊಟ್ಟರು. ಮೇಜು ಒರೆಸಿ, ಬೆಳಕಿಗೆ ಬಗ್ಗಿ ನೋಡಿ, ಮತ್ತೆ ಒರೆಸಿದರು. ಒಂದೊಂದು ಟ್ಯೂಬಿನ ಬೀಜವನ್ನೂ ತೂಗಿದರು, ಪುಡಿಮಾಡಿ ಅದನ್ನೂ ತೂಗಿದರು. ಕೈಕೆಲಸದ ತೀರ್ಪುಗಾರರ ಪೆನ್ನು ಒಂದೇ ಸಮ ಓಡುತ್ತಿತ್ತು. ಅಂಥ ಶುಚಿಯನ್ನು ಅವರು ನಿಯಮ ಪುಸ್ತಕದಲ್ಲಿ ಮಾತ್ರ ಓದಿದ್ದರು.

ಕಾಫಿಯ ಮೊದಲ ಹನಿ ಉಕ್ಕಿನ ಮೇಲೆ ಬಿತ್ತು. "ನಮ್ಮ ಗುಂಡು!" ಎಂದು ಎಲುಬಿನ ಡಾಕ್ಟರು ಹಿಂದಿನಿಂದ ಕೂಗಿದರು.

ಆಗ ಹಿರಿಯ ತೀರ್ಪುಗಾರ್ತಿ ಬಗ್ಗಿ, ಮೇಜಿನ ಮೇಲಿದ್ದ ಟ್ಯೂಬುಗಳನ್ನು ಓದಿದರು. ಅವರ ಹುಬ್ಬು ಮೇಲೇರಿತು. "ನಾವು ಮಾತಾಡೋ ಹಾಗಿಲ್ಲ. ಆದರೂ ಕೇಳ್ತೀನಿ. 'ಖಾಲಿ ಹೊಟ್ಟೆ', 'ಊಟದ ಎರಡು ಗಂಟೆ ನಂತರ'... ಹೊಟ್ಟೆಗೆ ತಕ್ಕ ಹಾಗೆ ಕಾಫಿ ಬೇರೆ ಮಾಡ್ತೀರಾ? ಇದನ್ನ ಯಾರೂ ಯೋಚಿಸಿಲ್ಲ. ವಿವರಿಸಿ."

ಮಿಷನ್‌ನಲ್ಲಿ ಬರೋದು ಇವೆರಡೇ ಎನ್ನಲು ಖಾತ್ರಿರಾಯರು ಬಾಯಿ ತೆರೆದರು. ಮುಂದಿನ ಸಾಲಿನಲ್ಲಿ ಲ್ಯಾಬ್ ಮೇಡಂ ಕನ್ನಡಕ ತೆಗೆದದ್ದು ಕಂಡಿತು. ಬಾಯಿ ತೆರೆದದ್ದು ತೆರೆದೇ ಉಳಿಯಿತು. ಅದರಿಂದ ಏನಾದರೂ ಬರಲೇಬೇಕಿತ್ತು.

"ಬೆಳಿಗ್ಗೆ ಏಳಕ್ಕೆ ರಕ್ತ ಕೊಡೋಕೆ ಜನ ಬರ್ತಾರೆ ಮೇಡಂ," ಎಂದರು. "ಹಿಂದಿನ ದಿನದಿಂದ ಏನೂ ತಿಂದಿರಲ್ಲ. ರಕ್ತ ಕೊಟ್ಟು, ತೋಳಿಗೆ ಹತ್ತಿ ಒತ್ತಿ ಹಿಡ್ಕೊಂಡು, ನೇರ ನನ್ನ ಹತ್ರ ಬರ್ತಾರೆ. ಗಟ್ಟಿ ಕೊಟ್ರೆ ಹೊಟ್ಟೆ ಉರಿಯುತ್ತೆ. ಅವರಿಗೆ ತಿಳಿಯಾಗಿ ಇಳಿಸ್ತೀನಿ. ಕಪ್ಪು ಪೂರ್ತಿ ತುಂಬಿಸಲ್ಲ, ಒಂದು ಕೈಲಿ ಹಿಡೀಬೇಕಲ್ಲ."

ಅವರು ಇನ್ನೊಂದು ಲೇಬಲಿನ ಟ್ಯೂಬು ಎತ್ತಿಕೊಂಡರು.

"ಮಧ್ಯಾಹ್ನ ಬರೋರು ಬೇರೆ. ಆಪರೇಷನ್ ಬಾಗಿಲ ಹೊರಗೆ ಕಾಯ್ತಾ ಇರೋರು. ಊಟ ಮಾಡಿರ್ತಾರೆ, ಮಾಡಿದ್ದು ನೆನಪಿರಲ್ಲ. ಅವರಿಗೆ ಗಟ್ಟಿ ಬೇಕು, ಹಾಲು ಜಾಸ್ತಿ, ಕಪ್ ತುಂಬ. ಕುಡೀಲಿ ಅಂತಲ್ಲ, ಕೈಗೆ ಬಿಸಿ ಇರಲಿ ಅಂತ." ಹೇಳುತ್ತಲೇ ಅವರು ನಾಲ್ಕನೆಯ ತೀರ್ಪುಗಾರರ ಮುಂದೆ ಗಟ್ಟಿ ಕಾಫಿ ಇಟ್ಟವರು ತಟ್ಟನೆ ಕಪ್ಪನ್ನು ಹಿಂದಕ್ಕೆಳೆದರು. "ಸಾರ್, ನೀವು ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀರಾ?"

"ಇಲ್ಲ... ರುಚಿ ಕೆಡಬಾರದು ಅಂತ," ಎಂದು ಆತ ತೊದಲಿದರು.

"ಖಾತ್ರೀನಾ?"

"ಖಾತ್ರಿ."

"ಹಾಗಾದ್ರೆ ಇದು ನಿಮಗಲ್ಲ." ಎಂದವರೇ ತಿಳಿಯಾದದ್ದನ್ನು ಇಳಿಸಿ ಕೊಟ್ಟರು. ಹನ್ನೊಂದು ಜನರ ಕಾಫಿಯನ್ನು ಖಾಲಿ ಹೊಟ್ಟೆಯಲ್ಲಿ ಕುಡಿದಿದ್ದ ಆ ಮನುಷ್ಯ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ನಿಯಮಕ್ಕೆ ವಿರುದ್ಧವಾಗಿ ಕಪ್ಪು ಪೂರ್ತಿ ಖಾಲಿ ಮಾಡಿದರು. ಗಂಟೆ ಬಾರಿಸಲು ಏಳು ಸೆಕೆಂಡು ಇರುವಾಗ ಖಾತ್ರಿರಾಯರು "ಮುಗೀತು ಅನ್ಸುತ್ತೆ" ಎಂದು ಕೈ ಎತ್ತಿದರು.

ಫಲಿತಾಂಶವನ್ನು ಕೆಳಗಿನಿಂದ ಓದಿದರು. ಮೂರನೆಯದು, ಮಣಿಕಟ್ಟು ನೋವಿನ ಹುಡುಗಿ. ಎರಡನೆಯದು, ಭಾವಮೈದುನ. ಅತ್ತೆ ವಿಡಿಯೋ ತೆಗೆಯಲು ಹೋಗಿ ತಮ್ಮ ಮೂಗನ್ನೇ ಐದು ನಿಮಿಷ ಚಿತ್ರಿಸಿದರು. ಉಳಿದದ್ದು ಒಂದು. ಇನ್ನು ತಮಗೇನು ಬರುತ್ತದೆ ಎಂದು ಖಾತ್ರಿರಾಯರು ಐಸ್ ಪೆಟ್ಟಿಗೆ ಕಟ್ಟತೊಡಗಿದ್ದರು.

ಆಮೇಲೆ ಏನಾಯಿತೆಂದು ಅವರಿಗೆ ಸರಿಯಾಗಿ ನೆನಪಿಲ್ಲ. ಎಲುಬಿನ ಡಾಕ್ಟರು ಕುರ್ಚಿಯ ಮೇಲೆ ನಿಂತಿದ್ದರು. ಲ್ಯಾಬ್ ಮೇಡಂ ಪಕ್ಕದವರಿಗೆ "ಲೇಬಲ್ ನಂದು, ಲೇಬಲ್ ನಂದು" ಎನ್ನುತ್ತಿದ್ದರು. ಭಾವಮೈದುನ ಸಾಲು ಹಾರಿ ಬಂದು, ಭಾವನನ್ನು ಬಿಳಿ ಕೋಟಿನ ಸಮೇತ ಎತ್ತಿಕೊಂಡ.

"ಇಳ್ಸಪ್ಪ, ಬಿದ್ದೇನು!"

"ಬೀಳಲ್ಲ ಭಾವ!"

ಹೆಂಡತಿ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ರೀ, ಅವತ್ತು ನಮ್ಮಮ್ಮನ ಮನೇಲಿ ಹೇಳಿದಾಗ ನೀವು ಹೆಸರು ಕೊಟ್ಟೇ ಇರಲಿಲ್ಲ, ಅಲ್ವಾ?"

"ನಿನಗೆ ಗೊತ್ತಿತ್ತಾ?"

"ಇಪ್ಪತ್ತೆರಡು ವರ್ಷದಲ್ಲಿ ನೀವು 'ಖಾತ್ರಿ' ಅಂದಿದ್ದು ಅದೊಂದೇ ಸಲ. ಗೊತ್ತಾಗದೇ ಇರುತ್ತಾ? ಅದಕ್ಕೇ ಊರಿಗೆಲ್ಲ ಹೇಳ್ದೆ. ಇಲ್ಲಾಂದ್ರೆ ಹಿಂದೆ ಸರೀತಿದ್ರಿ."

ಸೋಮವಾರ ಬೆಳಿಗ್ಗೆ ಆಡಳಿತಾಧಿಕಾರಿಗಳು ಫೈಲಿನ ಮೇಲೆ 'ಮುಕ್ತಾಯ' ಎಂದು ಬರೆದು ಸಹಿ ಹಾಕಿದರು. ಅದು ಖರೀದಿ ವಿಭಾಗಕ್ಕೆ ತಲುಪುವ ಮೊದಲೇ ಯಂತ್ರ ಆಸ್ಪತ್ರೆಗೆ ತಲುಪಿತ್ತು. ಕಂಪನಿಯ ಮಾರಾಟಗಾರ ಬೆವರೊರೆಸುತ್ತ ಅದನ್ನು ಪಡಸಾಲೆಯವರೆಗೆ ತಂದಿದ್ದ. ಈಗ ವಾಪಸು ಒಯ್ಯಬೇಕು. ತಂದ ತಳ್ಳುಗಾಡಿ ಆಗಲೇ ಹೊರಟುಹೋಗಿತ್ತು. ಕೊನೆಗೆ ವಾರ್ಡಿನವರು ನಾಲ್ವರು ಸೇರಿ ಯಂತ್ರವನ್ನು ಸ್ಟ್ರೆಚರಿನ ಮೇಲೆ ಉದ್ದಕ್ಕೆ ಮಲಗಿಸಿ, ಗೀರು ಬೀಳದಿರಲೆಂದು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದಿಸಿ, ಮೆಲ್ಲಗೆ ತಳ್ಳಿಕೊಂಡು ಹೊರಟರು. ಮಾರಾಟಗಾರ ತಲೆ ತಗ್ಗಿಸಿ ಹಿಂದೆ ನಡೆದ. ಪಡಸಾಲೆಯಲ್ಲಿದ್ದವರೆಲ್ಲ ಎದ್ದು ದಾರಿ ಬಿಟ್ಟರು.

ಕೌಂಟರಿನ ಮುಂದೆ ತೋಳಿಗೆ ಹತ್ತಿ ಒತ್ತಿಕೊಂಡು ನಿಂತಿದ್ದ ಮುದುಕಿಯೊಬ್ಬಳು ಲೊಚಗುಟ್ಟಿದಳು. "ಅಯ್ಯೋ ಪಾಪ. ಉಳಿಸ್ಕೊಳೋಕೆ ಆಗ್ಲಿಲ್ವೇನಪ್ಪ?"

"ಇಬ್ಬರಲ್ಲಿ ಒಬ್ಬರು ಉಳೀಬೇಕಿತ್ತು ಅಜ್ಜಿ," ಎಂದು ಖಾತ್ರಿರಾಯರು ಕಪ್ಪನ್ನು ಅವಳ ಮುಂದೆ ಸರಿಸಿದರು. "ನಾನು ಉಳಿದೆ."